ಬೋಣಿಗೆ ಕಾರ್ಡ್ ನಡಿಯಂಗಿಲ್ಲ

ಅಂಗಡಿಗಳ ಮುಂದೆ ಕಾರ್ಡು ಹಿಡಿದು ನಿಂತು ವಾದ ಮಾಡಿ ಮಾಡಿ ನನಗೆ ಸಾಕಾಗಿಹೋಗಿದೆ. ಮನೆಯಿರುವ ಬಳ್ಳಾರಿಯಲ್ಲಿ ಮಾಡಿದ್ದೇನೆ, ಪಾಠ ಹೇಳುವ ಸಿರುಗುಪ್ಪದಲ್ಲಿ ಮಾಡಿದ್ದೇನೆ, ಹುಟ್ಟೂರು ಕುರುಗೋಡನ್ನೂ ಬಿಟ್ಟಿಲ್ಲ. ಎಲ್ಲ ಕಡೆಯೂ ಅದೇ ಉತ್ತರ. ಮಷೀನ್ ಇಲ್ರೀ ಮೇಡಂ, ಸ್ಕ್ಯಾನ್ ಮಾಡ್ರಿ. ಮಷೀನ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ನೆಟ್‌ವರ್ಕ್ ಇದ್ದರೆ ನೂರಕ್ಕೆ ಎರಡು ರೂಪಾಯಿ ಜಾಸ್ತಿ. ಯಾಕೆ ಜಾಸ್ತಿ ಎಂದರೆ ಬ್ಯಾಂಕಿನವರನ್ನು ಕೇಳ್ರಿ ಅನ್ನುತ್ತಾರೆ. ಬ್ಯಾಂಕಿನವರನ್ನು ಕೇಳಿದರೆ, ಅಂಗಡಿಯವರು ಹಾಗೆ ಹಾಕೋ ಹಂಗೇ ಇಲ್ಲ, ನೀವು ದೂರು ಕೊಡಿ ಅನ್ನುತ್ತಾರೆ. ದೂರು ಕೊಡಲು ಫೋನ್ ಹಚ್ಚಿದರೆ ಆ ಕಡೆಯಿಂದ ಒಬ್ಬಳು ಹಿಂದಿಯಲ್ಲಿ ನನ್ನ ಹುಟ್ಟಿದ ತಾರೀಖು ಕೇಳುತ್ತಾಳೆ. ಹೇಳಿದ ಮೇಲೆ ಇನ್ನೊಬ್ಬರಿಗೆ ಲೈನು ಕೊಡುತ್ತಾಳೆ. ಅವರೂ ಹುಟ್ಟಿದ ತಾರೀಖೇ ಕೇಳುತ್ತಾರೆ. ನಾನು ಯಾಕಾದರೂ ಹುಟ್ಟಿದೆನೋ ಅನ್ನಿಸಿಬಿಡುತ್ತದೆ.

ನನ್ನ ಸಲುವಾಗಿಯಾಗಿದ್ದರೆ ಯಾವತ್ತೋ ಬಿಟ್ಟುಬಿಡುತ್ತಿದ್ದೆ. ನನಗೆ ಕಣ್ಣಿದೆ, ಫೋನಿದೆ, ಸ್ಕ್ಯಾನ್ ಮಾಡಿ ಬರುತ್ತೇನೆ. ಕಾರ್ಡು ಬೇಕಾಗಿದ್ದುದು ನನ್ನ ಅಕ್ಕನಿಗೆ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಮದುವೆಯಾಗಲಿಲ್ಲ. ಕುರುಗೋಡಿನಲ್ಲಿ ಮೂವತ್ತು ವರ್ಷದ ಮೇಲೆ ಜಂಪರು ಹೊಲಿದಳು. ನಾನು ಬಿ.ಎಡ್. ಮಾಡಿದ್ದು ಅವಳ ಕೈಮಷೀನಿನ ದುಡ್ಡಿನಲ್ಲಿ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಇದು ಒಗೆದರೆ ಎಷ್ಟು ಕುಗ್ಗುತ್ತದೆ ಅಂತ ಹೇಳುತ್ತಿದ್ದವಳು. ಅಂಥವಳಿಗೆ ಸೂಜಿಯಲ್ಲಿ ದಾರ ಪೋಣಿಸಲು ಆಗದಂತಾಯಿತು. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದಳು. ಡಾಕ್ಟರು ಗ್ಲಾಕೋಮಾ ಎಂದು ಹೇಳುವ ಹೊತ್ತಿಗೆ ಮುಕ್ಕಾಲು ನೋಟ ಹೋಗಿಯೇಬಿಟ್ಟಿತ್ತು. ಹೋದದ್ದು ತಿರುಗಿ ಬರುವುದಿಲ್ಲವಂತೆ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಬಳ್ಳಾರಿಯ ಮನೆಯಲ್ಲಿ ಒಬ್ಬಳೇ ಇದ್ದೆ. ಅಕ್ಕನನ್ನು ಕರೆದುಕೊಂಡು ಬಂದೆ. ಬರುವುದಕ್ಕೆ ಅವಳು ಒಪ್ಪಿದ್ದೇ ಒಂದು ಮಾತಿನ ಮೇಲೆ: ತನ್ನ ಉಪ್ಪು ಮೆಣಸಿನಕಾಯಿ ತಾನೇ ತರುತ್ತಾಳೆ.

ತಂದಳು ಕೂಡ, ಒಂದು ವರ್ಷ. ಬಿಸಿಲೇರಿದರೆ ಅವಳಿಗೆ ಕಣ್ಣ ಮುಂದೆಲ್ಲ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಬಳ್ಳಾರಿಯಲ್ಲಿ ಬಿಸಿಲಿಲ್ಲದ ಹೊತ್ತು ಎಲ್ಲಿದೆ? ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೊರಡುತ್ತಿದ್ದಳು. ಗೋಡೆ ಹಿಡಿದು ಓಣಿಯ ತುದಿಯ ಕಿರಾಣಿ ಅಂಗಡಿ, ಅದರಾಚೆ ಕಾಯಿಪಲ್ಯದವಳು, ಮತ್ತೆ ಮನೆ. ಅವಳನ್ನು ಸೋಲಿಸಿದ್ದು ನೋಟು. ಹಳೆಯ ನೋಟುಗಳನ್ನು ಅವಳ ಬೆರಳು ಗುರುತು ಹಿಡಿಯುತ್ತಿತ್ತು. ಹೊಸವು ಬೆರಳಿಗೆ ಎಲ್ಲ ಒಂದೇ. ನೂರು ಎಂದು ಐನೂರು ಕೊಟ್ಟು ಬಂದಳು. ಯಾರಿಗೆ ಕೊಟ್ಟಳೋ ಗೊತ್ತಿಲ್ಲ, ಇಸಿದುಕೊಂಡವರು ಬಾಯಿ ಬಿಡಲಿಲ್ಲ. ಇನ್ನೊಮ್ಮೆಯೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಅವಳು ಹೊರಗೇ ಹೋಗಲಿಲ್ಲ.

ಆಮೇಲೆ ಅವಳ ಮಾತೇ ಬದಲಾಯಿತು. ಹುಟ್ಟಿದಾಗಿನಿಂದ ನನಗೆ ಹೋಗಲೇ, ತಾರಲೇ ಎಂದು ಹುಕುಂ ಮಾಡಿದವಳು, ನಾನು ಬಸ್ಸಿಗೆ ಹೊರಟಾಗ ಬಾಗಿಲ ಹತ್ತಿರ ಬಂದು ನಿಂತು, ಬರೋವಾಗ ಒಂಚೂರು ಜೀರಿಗಿ ತಂದ್ರ ಚಲೋ ಆಗ್ತಿತ್ತು ಅನ್ನತೊಡಗಿದಳು. ಜೀರಿಗೆಗೆ ಇಷ್ಟು ಮರ್ಯಾದೆಯ ಮಾತು. ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಸರಿಯಾಗಿ ಬೈದು ತರಿಸಿಕೊಳ್ಳಬಾರದೇ ಎಂದು ಒಂದು ದಿನ ಅವಳ ಮೇಲೇ ಕೂಗಾಡಿದೆ.

ಕಾರ್ಡಿನ ವಿಚಾರ ನನಗೆ ಹೊಳೆದದ್ದು ಸಿರುಗುಪ್ಪದ ಬಸ್ಸಿನಲ್ಲಿ. ಮುಂದಿನ ಸೀಟಿನವರು ಯಾರೋ ಈಗ ಪಿನ್ನು ಒತ್ತುವುದೇ ಬೇಡ, ಮಷೀನಿಗೆ ಕಾರ್ಡು ತಾಗಿಸಿದರೆ ಸಾಕು ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಬಸ್ಸು ತೆಕ್ಕಲಕೋಟೆ ದಾಟುವುದರೊಳಗೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಕಾರ್ಡಿಗೆ ಬಣ್ಣ ನೋಡಬೇಕಾಗಿಲ್ಲ, ಚಿಲ್ಲರೆ ಎಣಿಸಬೇಕಾಗಿಲ್ಲ, ಫೋನಿನ ಪರದೆ ಓದಬೇಕಾಗಿಲ್ಲ. ಅವಳ ಉಳಿತಾಯ ಖಾತೆಯ ಕಾರ್ಡು ಕೊಟ್ಟರೆ ಯಾರಾದರೂ ಎರಡು ಸೊನ್ನೆ ಜಾಸ್ತಿ ಒತ್ತಿದಾಗ ಇದ್ದಬದ್ದದ್ದೆಲ್ಲ ಹೋಗುತ್ತದೆ. ಕ್ರೆಡಿಟ್ ಕಾರ್ಡಾದರೆ ತಕರಾರು ಹಾಕಬಹುದು. ಅವಳ ಹೆಸರಿಗೇ ಕೊಡಿ ಎಂದರೆ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರು. ಜಂಪರು ಹೊಲಿದವರಿಗೆ ಯಾರು ಸಂಬಳದ ಚೀಟಿ ಕೊಡುತ್ತಾರೆ? ಕೊನೆಗೆ ನನ್ನ ಕಾರ್ಡಿನ ಮೇಲೆಯೇ ಮನೆಯವರಿಗೆಂದು ಕೊಡುವ ಇನ್ನೊಂದು ಕಾರ್ಡು ಮಾಡಿಸಿದೆ. ಬಿಲ್ಲು ಮಾತ್ರ ತಿಂಗಳು ತಿಂಗಳು ತನ್ನ ದುಡ್ಡಿನಿಂದಲೇ ಕಟ್ಟಬೇಕು ಎಂದು ಅಕ್ಕ ಷರತ್ತು ಹಾಕಿದಳು. ಕಾರ್ಡಿಗೆ ಒಂದು ಬಟ್ಟೆಯ ಚೀಲ ಬೇಕೆಂದು ಕೂತು ತಡವಿ ತಡವಿ ತಾನೇ ಹೊಲಿದಳು, ಜಂಪರಿನ ಹುಕ್ಕು ಹಚ್ಚಿ. ಹೊಲಿಗೆ ಸೊಟ್ಟಗಿತ್ತು. ಅದನ್ನು ನಾನು ಹೇಳಲಿಲ್ಲ.

ಮೊದಲ ದಿನ ನಾನೂ ಜೊತೆಗೆ ಹೋದೆ. ಕಿರಾಣಿ ಅಂಗಡಿಯವನು ಆಗಷ್ಟೇ ಕಸ ಹೊಡೆದು ನೀರು ಚಿಮುಕಿಸಿ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದ. ಅವನ ಹತ್ತಿರ ಬ್ಯಾಂಕಿನವರು ಕೊಟ್ಟ ಮಷೀನು ಇರುವುದನ್ನು ನಾನು ಮೊದಲೇ ವಿಚಾರಿಸಿಕೊಂಡಿದ್ದೆ. ಅಕ್ಕ ಸಾಮಾನು ಹೇಳಿದಳು, ಕಟ್ಟಿದ, ಎಷ್ಟಾಯಿತೆಂದು ಹೇಳಿದ. ಅಕ್ಕ ಹುಕ್ಕು ಬಿಚ್ಚಿ ಕಾರ್ಡು ಚಾಚಿದಳು. ಅವನು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡ.

"ಬೋಣಿ ಆಗಿಲ್ಲಮ್ಮಾ. ಬೋಣಿಗೆ ಕಾರ್ಡ್ ನಡಿಯಂಗಿಲ್ಲ. ಕೈಯಾಗ ರೊಕ್ಕ ಬೀಳಬೇಕು."

ದಿನದ ಮೊದಲ ವ್ಯಾಪಾರ ಕೈಗೆ ಬರುವ ದುಡ್ಡಿನಲ್ಲೇ ಆಗಬೇಕು, ಇಲ್ಲದಿದ್ದರೆ ದಿನವೆಲ್ಲ ಕೆಡುತ್ತದೆ ಅನ್ನುವುದು ಇಲ್ಲಿ ಎಲ್ಲ ಅಂಗಡಿಯವರ ನಂಬಿಕೆ. ನನಗೆ ಸಿಟ್ಟು ನೆತ್ತಿಗೇರಿತು. ಮಷೀನು ಇಟ್ಟುಕೊಂಡ ಮೇಲೆ ತೆಗೆದುಕೊಳ್ಳಲೇಬೇಕು, ಗಿರಾಕಿಗೂ ಒಂದು ಹಕ್ಕು ಅಂತ ಇದೆ, ಇವಳು ಬಿಸಿಲೇರಿದ ಮೇಲೆ ಹೇಗೆ ಬರಬೇಕು ಎಂದು ಒಂಬತ್ತನೆಯ ಕ್ಲಾಸಿಗೆ ಹೇಳಿದ ಹಾಗೆ ಹೇಳತೊಡಗಿದೆ. ಅಕ್ಕ ನನ್ನ ಮೊಣಕೈ ಹಿಡಿದು ಚಿವುಟಿದಳು. ಸುಮ್ಮನಿರಲೇ, ಬೋಣಿ ನಾನೂ ಮಾಡೀನಿ ಅಂದಳು. ತಾನೂ ದಿನದ ಮೊದಲ ದುಡ್ಡನ್ನು ಕಣ್ಣಿಗೊತ್ತಿಕೊಂಡು, ಹೊಲಿಗೆ ಮಷೀನಿನ ಚಕ್ರಕ್ಕೆ ಮುಟ್ಟಿಸಿಯೇ ಕೆಲಸ ಶುರು ಮಾಡುತ್ತಿದ್ದುದು ಅವಳಿಗೆ ಮರೆತಿರಲಿಲ್ಲ. ಸೊಂಟದ ಸಂಚಿಯಿಂದ ಒಂದು ನಾಣ್ಯ ತೆಗೆದು ಅಂಚು ಸವರಿ ನೋಡಿ, ಒಂದು ಕಡ್ಡಿಪೆಟ್ಟಿಗೆ ಕೊಡು ಅಂದಳು. ಅವನು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಗಲ್ಲಾದಲ್ಲಿ ಹಾಕಿದ.

"ಆತಲ್ಲ ಬೋಣಿ," ಅಂದಳು ಅಕ್ಕ. "ಈಗ ಕಾರ್ಡ್ ತಗೋ."

ಅವನು ನಕ್ಕುಬಿಟ್ಟ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೊದಲು ಕಡ್ಡಿಪೆಟ್ಟಿಗೆ ನಾಣ್ಯಕ್ಕೆ, ಆಮೇಲೆ ಉಳಿದದ್ದೆಲ್ಲ ಕಾರ್ಡಿಗೆ. ನಮ್ಮ ಮನೆಯಲ್ಲಿ ಗ್ಯಾಸಿಗೆ ಲೈಟರು ಇದೆ, ಆದರೂ ಅಡಿಗೆಮನೆಯ ಗೂಡು ಕಡ್ಡಿಪೆಟ್ಟಿಗೆಯಿಂದ ತುಂಬಿಹೋಯಿತು. ಎರಡು ಪರ್ಸೆಂಟಿನ ಜಗಳವನ್ನು ನಾನು ಎರಡು ತಿಂಗಳು ಎಳೆದೆ. ಕೊನೆಗೆ ಅವನೇ ಸೋತು, ಅಕ್ಕಾರಿಗೆ ಹಾಕಂಗಿಲ್ಲ, ನಿಮಗ ಮಾತ್ರ ಹಾಕ್ತೀನಿ ಮೇಡಂ, ನಿಮ್ಮ ಬಾಯಿಗೆ ಅಂದ. ಹಾಕಿದ ಕೂಡ.

ಅಕ್ಕ ಮತ್ತೆ ಅಕ್ಕ ಆದಳು. ಬೆಳಿಗ್ಗೆ ನಾನು ಏಳುವುದರೊಳಗೆ ತಾನೇ ಎದ್ದು, ನಿನಗೆ ಡಬ್ಬಿಗೆ ಅವಲಕ್ಕಿ ತಂದಿಟ್ಟೀನಿ, ಏಳಲೇ ಎಂದು ಹೊದಿಕೆ ಎಳೆಯುತ್ತಿದ್ದಳು. ಐವತ್ತಮೂರು ವರ್ಷದ ನನಗೆ. ಸುಖವಾಗಿತ್ತು ಅದು, ಸುಳ್ಳು ಯಾಕೆ ಹೇಳಲಿ.

ಕುರುಗೋಡಿನಲ್ಲಿ ಮಾತ್ರ ಒಂದು ಸಲ ಅವಮಾನವಾಯಿತು. ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ, ಮೂವತ್ತು ವರ್ಷ ದಾರ, ಲೈನಿಂಗು ಕೊಂಡ ಅಂಗಡಿಗೆ ಅಕ್ಕ ಹೋದಳು. ಕೂಸಿಗೆ ಒಂದು ಕುಲಾವಿ ಆರಿಸಿ ಕಾರ್ಡು ತೆಗೆದಳು. ಅಂಗಡಿಯ ಯಜಮಾನರು ಅದನ್ನು ತಿರುಗಿಸಿ ನೋಡಿ, ಏನಕ್ಕ, ಇದು ಉದ್ರಿ ಕಾರ್ಡಲ್ಲೇನು, ನಿನಗ ಉದ್ರಿ ಕೊಡಾಕ ಕಾರ್ಡ್ ಬೇಕೇನು, ಸುಮ್ಮನ ಒಯ್ಯಿ ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಅಕ್ಕ ಆ ಅಂಗಡಿಯಲ್ಲಿ ಒಂದು ರೀಲು ದಾರವನ್ನೂ ಉದ್ರಿ ತಂದವಳಲ್ಲ. ಕುಲಾವಿಯನ್ನು ಅಲ್ಲೇ ಇಟ್ಟು ಬಂದಳು. ಇದು ಉದ್ರಿ ಅಲ್ಲ, ತಿಂಗಳಿಗೆ ಸರಿಯಾಗಿ ಕಟ್ಟುತ್ತೀಯಲ್ಲ ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ಕೊಡಾಕ ಇದ್ದೂ ಕೊಡಲಿಲ್ಲ ಅನ್ನಿಸ್ಕೊಂಡ್ರ ಅದು ಉದ್ರಿನ ಅಂದಳು ಅಕ್ಕ.

ಈಗ ನನ್ನ ಪಾಲಿನದನ್ನು ಹೇಳಬೇಕು.

ಅಕ್ಕ ಕಾರ್ಡು ತಾಗಿಸಿದಾಗಲೆಲ್ಲ ಮೆಸೇಜು ಬರುತ್ತಿದ್ದುದು ನನ್ನ ಫೋನಿಗೆ. ಇಷ್ಟು ಹೊತ್ತಿಗೆ, ಇಂಥಲ್ಲಿ, ಇಷ್ಟು. ಮೊದಮೊದಲು ಬಸ್ಸಿನಲ್ಲಿ ಕೂತು ಅದನ್ನು ಓದಿ ಖುಷಿಪಡುತ್ತಿದ್ದೆ. ನಮ್ಮಕ್ಕ ಅಂಗಡಿಯಲ್ಲಿದ್ದಾಳೆ ಎಂದು. ಆಮೇಲೆ ಸಂಜೆ ಮನೆಗೆ ಬಂದು, ಇನ್ನೂರ ಹತ್ತು ಎದಕ್ಕಾತಕ್ಕ ಎಂದು ಕೇಳತೊಡಗಿದೆ. ಯಾರಾದರೂ ಮೋಸ ಮಾಡಿದರೆ ಗೊತ್ತಾಗಲಿ ಎಂದು ನನ್ನ ಲೆಕ್ಕ. ಅವಳೂ ಹೇಳುತ್ತಿದ್ದಳು. ಒಮ್ಮೆ ಊದಿನಕಡ್ಡಿ ಅಷ್ಟು ತುಟ್ಟಿಯದು ಯಾಕೆ ತಂದೆ ಅಂದೆ. ಸುಮ್ಮನೆ ಅಂದದ್ದು, ಮರೆತೂಬಿಟ್ಟೆ. ಆದರೆ ಅದಾದ ಮೇಲೆ ನಾನು ಚಪ್ಪಲಿ ಬಿಡುವುದರೊಳಗೆ ಅವಳೇ ಶುರು ಮಾಡುತ್ತಿದ್ದಳು. ಇವತ್ತು ಎಂಬತ್ತಾರು, ಶೇಂಗಾಕ್ಕ. ಇವತ್ತು ನಲವತ್ತು, ಸೋಪಿಗೆ. ನಮ್ಮ ಶಾಲೆಯ ಮಕ್ಕಳು ಹೋಂವರ್ಕು ಒಪ್ಪಿಸುವ ದನಿಯಲ್ಲಿ. ದಿನಾ ಆ ದನಿ ಕೇಳುವವಳು ನಾನು. ನನಗೇ ತಿಳಿಯಲಿಲ್ಲ ನೋಡಿ.

ಅವತ್ತು ಮೂರನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಫೋನು ನೋಡಿದೆ. ಬೆಳಿಗ್ಗೆಯದೇ ಒಂದು ಮೆಸೇಜು. ಅಕ್ಕನ ಕಾರ್ಡಿನಿಂದ ಆರುನೂರ ನಲವತ್ತಮೂರು ರೂಪಾಯಿ. ಅಂಗಡಿಯ ಹೆಸರು ನಾನು ಕೇಳಿದ್ದಲ್ಲ. ಊರು ಆದವಾನಿ. ಆದವಾನಿ ಆಂಧ್ರದ್ದು, ಗಡಿಯಾಚೆ. ಅಕ್ಕ ಬಳ್ಳಾರಿಯಲ್ಲಿ, ಕಾರ್ಡು ಆದವಾನಿಯಲ್ಲಿ. ಅಕ್ಕನ ಗುಂಡಿಫೋನಿಗೆ ಮೂರು ಸಲ ಹಚ್ಚಿದೆ, ಎತ್ತಲಿಲ್ಲ. ತಡಮಾಡದೆ ಬ್ಯಾಂಕಿನ ನಂಬರಿಗೆ ಹಚ್ಚಿದೆ. ಅವತ್ತು ಮಾತ್ರ ಕನ್ನಡದವಳೇ ಸಿಕ್ಕಳು. ಹುಟ್ಟಿದ ತಾರೀಖು ಒಂದೇ ಸಲ ಕೇಳಿದಳು. ನಾಲ್ಕು ನಿಮಿಷದಲ್ಲಿ ಕಾರ್ಡು ಬಂದ್. ಸ್ಟಾಫ್ ರೂಮಿನಲ್ಲಿ ಎಲ್ಲರೂ ಭಲೇ ಅಂದರು. ಕಾರ್ಡ್ ಟೀಚರ್ ಎಂದು ನನಗೆ ಹೆಸರಿಟ್ಟವರೇ ಅವರು. ನಾನು ಕೂಡ ಉಬ್ಬಿ, ಹೀಗೆ ಎಚ್ಚರ ಇರಬೇಕು ಎಂದು ಎಲ್ಲರಿಗೂ ಬುದ್ಧಿ ಹೇಳಿದೆ.

ಸಂಜೆ ಬಸ್ಸಿಳಿದವಳು ಮನೆಗೆ ಹೋಗುವ ಮೊದಲು ಕಿರಾಣಿ ಅಂಗಡಿಯ ಮುಂದೆ ನಿಂತೆ. ಯಾರೋ ಆದವಾನಿಯಲ್ಲಿ ಅಕ್ಕನ ಕಾರ್ಡು ತಿಕ್ಕಿದ್ದಾರೆ, ನೀವೂ ಹುಷಾರಾಗಿರಿ ಅಂದೆ. ಅವನ ಮುಖ ಇಳಿಯಿತು.

"ಅದು ನಾನ ರೀ ಮೇಡಂ. ನಮ್ಮ ಮಷೀನ್ ಕೆಟ್ಟು ನಾಕು ದಿನ ಆತು. ಅಕ್ಕಾರು ಬಂದ್ರ ಹ್ಯಾಂಗಂತ, ಆದವಾನಿಂದ ನಮ್ಮ ಭಾಮೈದನ ಅಂಗಡಿದು ತರಿಸಿಟ್ಟೀನಿ. ಮೆಸೇಜಿನ್ಯಾಗ ಅವನ ಅಂಗಡಿ ಹೆಸರು, ಊರು ಬಂದಿರ್ತೈತಿ."

ಅವನು ಗಾಬರಿಯಾಗಿ, ರೊಕ್ಕ ನಾ ವಾಪಸ್ ಕೊಡ್ತೀನಿ, ನೀವು ತಪ್ಪು ತಿಳೀಬ್ಯಾಡ್ರಿ ಎಂದು ಹೇಳುತ್ತಲೇ ಇದ್ದ. ತಿಂಗಳುಗಟ್ಟಲೆ ಕಾರ್ಡಿನ ಸಲುವಾಗಿ ನನ್ನ ಬಾಯಿಗೆ ಬಿದ್ದ ಮನುಷ್ಯ ಅವನು.

ಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದಳು. ಕುರುಗೋಡಿನಿಂದ ಅವಳ ಜೊತೆ ಹೊಲಿಯುತ್ತಿದ್ದ ಮೂವರು ಹೆಣ್ಣುಮಕ್ಕಳು ಬಂದಿದ್ದರು, ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಬರುತ್ತೇವೆ ಬರುತ್ತೇವೆ ಅನ್ನುತ್ತಿದ್ದವರು. ಅವರಿಗೆ ಉಡಿ ತುಂಬಿ ಕಳಿಸಬೇಕೆಂದು ಬೆಳಿಗ್ಗೆಯೇ ಕೊಬ್ಬರಿ, ಉತ್ತತ್ತಿ, ಬಾದಾಮಿ, ಸಕ್ಕರೆ ಎಲ್ಲ ತಂದಿದ್ದಳು. ಅದೇ ಆರುನೂರ ನಲವತ್ತಮೂರು. ಸಂಜೆ ನನಗೆ ಒಪ್ಪಿಸಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದಳಂತೆ. ಮಧ್ಯಾಹ್ನ ಅವರನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದಳು. ಕಾರ್ಡು ತೆಗೆದುಕೊಳ್ಳುತ್ತಾರೆಂದು ಮೊದಲೇ ವಿಚಾರಿಸಿಕೊಂಡೇ ಹೋಗಿದ್ದಳು. ಹೋಟೆಲಿನ ಗದ್ದಲದಲ್ಲಿ ಫೋನು ಕೇಳಿಸಿಲ್ಲ. ಬಿಸಿಲಿಗೆ ಏನೂ ಕಾಣದಿದ್ದಾಗ ಅವರೇ ಕೈಹಿಡಿದು ನಡೆಸಿದರಂತೆ. ಏನು ಬೇಕೋ ತಗೋರ್ರಿ, ಬಿಲ್ಲು ನಂದು ಅಂದಳಂತೆ. ಹಾಗೆ ಅಂದು ಎಷ್ಟು ವರ್ಷವಾಗಿತ್ತೋ.

ಕಾರ್ಡು ತಾಗಲಿಲ್ಲ. ಕ್ಯಾಶಿಯರು ಎರಡು ಸಲ ನೋಡಿದ, ಮೂರು ಸಲ ನೋಡಿದ. ಬ್ಲಾಕ್ ಆಗೇತಿ, ಯಾರದು ಈ ಕಾರ್ಡು ಎಂದು ಕೇಳಿದನಂತೆ, ಜೋರಾಗಿ. ಹಿಂದೆ ಜನ ನಿಂತಿದ್ದರು. ಮೂವರಲ್ಲಿ ಒಬ್ಬಳು, ಈಗಲೂ ಕುರುಗೋಡಿನಲ್ಲಿ ಸೀರೆಗಳಿಗೆ ಫಾಲು ಹೊಲಿದು ಬದುಕುವವಳು, ಸೊಂಟದ ಸಂಚಿ ಬಿಚ್ಚಿ ನಾಲ್ಕೂ ಊಟದ ದುಡ್ಡು ಕೊಟ್ಟಳು. ಮನೆಗೆ ಬಂದ ಮೇಲೆ ಅಕ್ಕ ಅವರಿಗೆ ಉಡಿ ತುಂಬಿದಳು. ಬಂದವರ ಕೈಲಿ ಊಟದ ರೊಕ್ಕ ಕೊಡಿಸಿ ಉಡಿ ತುಂಬಿದೆ ಅಂತ ಹೇಳುವಾಗ ಮಾತ್ರ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ನಾನು ಎಷ್ಟೋ ಹೇಳಿದೆ. ಆದವಾನಿ ಎಂದು ಬಂದದ್ದಕ್ಕೆ ಹೆದರಿದೆ, ನಿನ್ನ ಸಲುವಾಗಿಯೇ ಮಾಡಿದೆ, ಆ ಹೆಣ್ಣುಮಗಳಿಗೆ ನಾಳೆಯೇ ದುಡ್ಡು ಕಳಿಸುತ್ತೇನೆ ಅಂದೆ. ಅಕ್ಕ ಹೂಂ ಅಂದಳು. ಎಲ್ಲದಕ್ಕೂ ಹೂಂ ಅಂದಳು. ನಾನು ಹೇಳುವುದೆಲ್ಲ ಮುಗಿದ ಮೇಲೆ, ಚಹಾ ಕುಡೀತಿಯೇನು ಅಂದಳು.

ಎಂಟು ದಿನಕ್ಕೆ ಹೊಸ ಕಾರ್ಡು ಕೊರಿಯರಿನಲ್ಲಿ ಬಂತು. ಲಕೋಟೆ ಒಡೆದು ಅವಳ ಅಂಗೈಯಲ್ಲಿಟ್ಟೆ. ಬೆರಳಾಡಿಸಿ ಅಂಚು ನೋಡಿದಳು.

"ಇದಕ್ಕೂ ಮೆಸೇಜ್ ನಿನಗ ಬರ್ತಾವನು?"

ಹೌದು ಅಂದೆ. ಬ್ಯಾಂಕಿನವರ ನಿಯಮ, ನಾನೇನೂ ಮಾಡಲು ಬರುವುದಿಲ್ಲ, ಇನ್ನು ಮೇಲೆ ಒಂದು ಮಾತೂ ಕೇಳುವುದಿಲ್ಲ ಅಂದೆ. ಅವಳು ಕಾರ್ಡನ್ನು ನನ್ನ ಕೈಗೇ ತಿರುಗಿ ಕೊಟ್ಟಳು. ಸಿಟ್ಟಿರಲಿಲ್ಲ. ಬರೀ ದಣಿದಿದ್ದಳು, ನನ್ನ ಹಾಗೆಯೇ.

"ಅಂಗಡಿಯಾತ ಬ್ಯಾಡಂದ್ರ ಮುಂದಿನ ಅಂಗಡಿ ಐತಿ ಲೇ. ನೀ ಬ್ಯಾಡಂದ್ರ ನಾ ಎಲ್ಲಿಗೆ ಹೋಗ್ಲಿ?"

ಆ ಕಾರ್ಡು ನನ್ನ ಪರ್ಸಿನಲ್ಲಿದೆ, ಇನ್ನೂ ಚಾಲೂ ಮಾಡಿಲ್ಲ. ಈಗ ಸಂಜೆ ಬಸ್ಸಿಳಿದು, ಏನು ತರಲಿ ಅಕ್ಕ ಎಂದು ಫೋನು ಮಾಡುತ್ತೇನೆ. ಏನೂ ಬ್ಯಾಡ, ನೀ ಬಾ ಅನ್ನುತ್ತಾಳೆ.